ಭಾವನ ಪಾಲಿನ ನೀರು

ಹೇಳಿಕೆ ಕೊಡುವವನು: ಬಸ್ ನಿಲ್ದಾಣದಲ್ಲಿ ಎಲ್ಲರೂ ಸೀಟಿ ಎಂದು ಕರೆಯುವವನು. ವಯಸ್ಸು ಐವತ್ತಾರು. ಉದ್ಯೋಗ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ವಾಸ ಬಸ್ ಡಿಪೋ ಹಿಂದಿನ ಓಣಿ, ಕೊನೆಯ ಮನೆಯ ಮೇಲಿನ ಕೋಣೆ. ಕೆಳಗಿನ ಮನೆಯಲ್ಲಿ ನನ್ನ ಅಕ್ಕ, ಭಾವ ಮತ್ತು ಅವರ ಮಗ ಇರುತ್ತಾರೆ.

ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ, ಕಳೆದ ಶುಕ್ರವಾರ ಆಸ್ಪತ್ರೆಯಲ್ಲಿ ನಡೆದ ಗಲಾಟೆಯಲ್ಲಿ ನನ್ನ ಅಕ್ಕನ ಮಗ ವಾರ್ಡಿನ ನರ್ಸ್ ಮೇಲೆ ಕೈ ಮಾಡಿದ. ತನ್ನ ಅಪ್ಪನಿಗೆ ಡಾಕ್ಟರು ಹೇಳಿದಷ್ಟು ನೀರನ್ನು ಆಕೆ ಕುಡಿಸದೆ ಅಲಕ್ಷ್ಯ ಮಾಡಿದಳು, ಅದರಿಂದಲೇ ಕಿಡ್ನಿ ಹೋಯಿತು ಎಂದು ಅವನು ತಮ್ಮಲ್ಲಿ ದೂರನ್ನೂ ಕೊಟ್ಟಿದ್ದಾನೆ. ಆ ದೂರು ಸುಳ್ಳು. ಸುಳ್ಳೆಂದು ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು.

ಭಾವನಿಗೆ ಅರವತ್ತೊಂದು ವರ್ಷ. ನಾನಿರುವ ಬಸ್ಸಿಗೆ ಅವರೇ ಡ್ರೈವರ್. ಇಪ್ಪತ್ತೆರಡು ವರ್ಷದಿಂದ ಅವರು ಓಡಿಸುತ್ತಾರೆ, ನಾನು ಸೀಟಿ ಊದುತ್ತೇನೆ. ನಮ್ಮ ರೂಟು ಒಂದು ಕಡೆಗೆ ನಾಲ್ಕೂವರೆ ಗಂಟೆಯದು. ನಡುವೆ ಗಾಡಿ ನಿಲ್ಲುವುದು ಒಂದೇ ಸಲ, ಹತ್ತು ನಿಮಿಷ. ಅಲ್ಲಿ ಶೌಚಾಲಯದ ಮುಂದಿನ ಸಾಲು ಕರಗುವುದೇ ಇಲ್ಲ. ಆದ್ದರಿಂದ ಭಾವ ಸ್ಟಿಯರಿಂಗ್ ಹಿಡಿದ ಮೇಲೆ ನೀರು ಮುಟ್ಟುವುದಿಲ್ಲ, ತುಟಿ ಒದ್ದೆ ಮಾಡಿಕೊಂಡರೆ ಹೆಚ್ಚು. ಅಕ್ಕ ತುಂಬಿಸಿ ಕಳಿಸಿದ ಅವರ ಬಾಟಲಿಯನ್ನು ಕುಡಿದು ಮುಗಿಸುವವನು ನಾನು. ಸಂಜೆ ಖಾಲಿ ಬಾಟಲಿ ನೋಡಿ ಅವಳು ಸಮಾಧಾನಪಡುತ್ತಾಳೆ. ಇಷ್ಟು ವರ್ಷ ಹೀಗೇ ಅವಳಿಗೆ ಟೋಪಿ ಹಾಕುತ್ತಾ ಬಂದಿದ್ದೇವೆ.

ಇನ್ನೊಂದು ವಿಷಯ. ದಾರಿಯಲ್ಲಿ ಚೆಕಿಂಗಿನವರು ಹತ್ತಿ ಗಾಡಿ ತಡವಾದದ್ದೇಕೆ ಎಂದು ಕೇಳಿದರೆ ಭಾವ ತುಟಿ ಬಿಚ್ಚುವುದಿಲ್ಲ. ಉತ್ತರ ಕೊಡುವುದು ನನ್ನ ಕೆಲಸ. ನನ್ನ ಮಾತು ನಂಬದೆ ಇಳಿದು ಹೋದವರಿಲ್ಲ.

ಸೋಮವಾರ ಎದೆನೋವೆಂದು ಭಾವನನ್ನು ಆಸ್ಪತ್ರೆಗೆ ಸೇರಿಸಿದೆವು. ಆ ಸಂಜೆ ಡಾಕ್ಟರು ಅಕ್ಕನನ್ನೂ ನನ್ನನ್ನೂ ಕೂರಿಸಿಕೊಂಡು, ತೊಡೆಯ ರಕ್ತನಾಳದಿಂದ ಹೃದಯದವರೆಗೆ ಸಣ್ಣ ನಳಿಗೆ ತೂರಿಸಿ ಔಷಧಿಯ ಬಣ್ಣ ಬಿಟ್ಟು ನೋಡಬೇಕೆಂದು ವಿವರಿಸಿದರು. ಆ ಬಣ್ಣ ಕಿಡ್ನಿಯ ಮೂಲಕವೇ ಹೊರಗೆ ಹೋಗಬೇಕು, ಭಾವನಿಗೆ ಸಕ್ಕರೆ ಕಾಯಿಲೆಯಿದೆ, ಕಿಡ್ನಿ ಮೊದಲೇ ಸೋತಿದೆ, ಅಪಾಯ ಇಲ್ಲವೆನ್ನಲಾಗದು ಎಂದರು. ಹೃದಯಕ್ಕೆ ಭಾರವಾಗುವುದರಿಂದ ಡ್ರಿಪ್ ಜೋರಾಗಿ ಬಿಡುವಂತಿಲ್ಲ, ಬಾಯಿಂದಲೇ ನೀರು ಕುಡಿಸುತ್ತಿರಬೇಕು ಎಂದೂ ಹೇಳಿದರು. ಆಮೇಲೆ ಡಾಕ್ಟರು ಭಾವನ ಹತ್ತಿರ ಹೋಗಿ ಏನಾದರೂ ಕೇಳುವುದಿದೆಯೇ ಎಂದಾಗ, ಗಾಡಿ ಯಾವಾಗ ಓಡಿಸಬಹುದು ಎಂದಷ್ಟೇ ಭಾವ ಕೇಳಿದರು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಮುಗಿಸಿ ಭಾವನನ್ನು ವಾರ್ಡಿಗೆ ತಂದರು. ಅಕ್ಕನನ್ನು ನಾನೇ ಮನೆಗೆ ಕಳಿಸಿದೆ. ನರ್ಸ್ ಒಂದೂವರೆ ಲೀಟರಿನ ಜಗ್ಗು ಮತ್ತು ಹೀರುವ ಕೊಳವೆ ತಂದಿಟ್ಟು, ಗಂಟೆಗೊಂದು ಲೋಟದಂತೆ ಸಂಜೆ ಆರರೊಳಗೆ ಮುಗಿಸಬೇಕು, ಕಾಲು ಮಡಿಸಬಾರದು, ಮೂತ್ರವನ್ನು ಮಲಗಿದಲ್ಲೇ ಪಾತ್ರೆಗೆ ಮಾಡಿಸಿ ತನಗೆ ತೋರಿಸಬೇಕು ಎಂದು ಎರಡೆರಡು ಸಲ ಹೇಳಿದರು. ಆ ವಾರ್ಡಿನಲ್ಲಿ ಇಪ್ಪತ್ತು ಹಾಸಿಗೆಗೆ ಅವರೊಬ್ಬರೇ. ನನ್ನನ್ನು ನಂಬಿ ಹೋದರು.

ಭಾವ ಮೊದಲ ಲೋಟ ಕುಡಿದರು. ಎರಡನೆಯದಕ್ಕೆ ಮುಖ ತಿರುಗಿಸಿದರು. ಮಂಚದ ಪರದೆ ಪೂರ್ತಿ ಮುಚ್ಚುತ್ತಿರಲಿಲ್ಲ, ಎದುರು ಹಾಸಿಗೆಯವರನ್ನು ನೋಡಲು ಹೆಂಗಸರು ಬಂದು ಕೂತಿದ್ದರು. ಕುಡಿದರೆ ಹೋಗಬೇಕಾಗುತ್ತೆ, ಮಲಕ್ಕೊಂಡು ಹೋಗೋಕೆ ನಾನೇನು ಕೂಸಾ ಎಂದರು. ನಾನು ಒತ್ತಾಯ ಮಾಡಿದೆ. ನೀನಿದೀಯಲ್ಲಪ್ಪಾ ಕಂಡಕ್ಟ್ರೇ, ನೋಡ್ಕೋ ಎಂದು ಕಣ್ಣು ಹೊಡೆದರು. ಅಷ್ಟರಲ್ಲಿ ನರ್ಸ್ ಬರುವ ಸದ್ದಾಯಿತು. ನಾನು ಲೋಟವೆತ್ತಿ ಗಟಗಟನೆ ಕುಡಿದುಬಿಟ್ಟೆ.

ಆಮೇಲೆ ಅದೇ ನಡೆಯಿತು. ಆರು ಗಂಟೆಗೆ ಜಗ್ಗು ಖಾಲಿ. ಮೂತ್ರ ಎಲ್ಲಿ ಎಂದು ನರ್ಸ್ ಕೇಳಿದರು. ಎರಡು ಸಲ ಹೋದರು, ಗೊತ್ತಾಗದೆ ಚೆಲ್ಲಿಬಿಟ್ಟೆ ಸಿಸ್ಟರ್ ಎಂದೆ. ಅವರು ಬೈದರು, ಆದರೆ ನಂಬಿದರು. ಭಾವನ ಪಾಲಿನದೆಲ್ಲ ನನ್ನ ಹೊಟ್ಟೆಯಲ್ಲಿದ್ದುದರಿಂದ ನಾನೇ ಮತ್ತೆ ಮತ್ತೆ ಎದ್ದು ಹೋಗಬೇಕಾಯಿತು. ಅದನ್ನು ನೋಡಿ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಕ್ಕಿದ್ದೆ ಎಂಬುದನ್ನು ದಯವಿಟ್ಟು ಬರೆದುಕೊಳ್ಳಬೇಕು.

ಗುರುವಾರ ಬೆಳಿಗ್ಗೆ ಭಾವನ ಪಾದಗಳು ಊದಿಕೊಂಡಿದ್ದವು. ರಕ್ತ ಪರೀಕ್ಷೆ ಮಾಡಿ, ಕಿಡ್ನಿ ಕೆಲಸ ನಿಲ್ಲಿಸುತ್ತಿದೆ ಎಂದರು. ಮಂಗಳವಾರ ನೀರು ಸರಿಯಾಗಿ ಕುಡಿದಿದ್ದರಾ ಎಂದು ಡಾಕ್ಟರು ವರಾಂಡದಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು. ಪೂರ್ತಿ ಕುಡಿದರು ಸಾರ್ ಎಂದೆ. ಚೆಕಿಂಗಿನವರಿಗೆ ಹೇಳಿದಷ್ಟೇ ಸಲೀಸಾಗಿ ಬಾಯಿಗೆ ಬಂತು.

ಶುಕ್ರವಾರ ಡಯಾಲಿಸಿಸ್ ಶುರು ಮಾಡಿದರು. ನೀರು ಸಾಲದೆ ಹೋದರೆ ಹೀಗಾಗುತ್ತದೆಂದು ಯಾರಿಂದಲೋ ಕೇಳಿದ್ದ ಅಕ್ಕನ ಮಗ ಸಂಜೆ ನಾಲ್ಕು ನಲವತ್ತಕ್ಕೆ ವಾರ್ಡಿಗೆ ನುಗ್ಗಿ ನರ್ಸನ್ನು ತರಾಟೆಗೆ ತೆಗೆದುಕೊಂಡ. ಜಗ್ಗು ಖಾಲಿಯಾದದ್ದನ್ನು ಕಣ್ಣಾರೆ ನೋಡಿದ್ದೇನೆ, ಬೇಕಾದರೆ ನಿಮ್ಮ ಮಾಮನನ್ನೇ ಕೇಳಿ ಎಂದು ನರ್ಸ್ ನನ್ನತ್ತ ಕೈ ತೋರಿಸಿದರು. ಅವರಿಂದ ನಾನು ಆರು ಅಡಿ ದೂರದಲ್ಲಿ ನಿಂತಿದ್ದೆ. ನೆಲ ನೋಡಿದೆ. ಅವನು ಅವರನ್ನು ತಳ್ಳಿದ. ಔಷಧಿಯ ಗಾಡಿಗೆ ತಾಗಿ ಬಿದ್ದು ಅವರ ಬಲ ಮಣಿಕಟ್ಟು ಮುರಿಯಿತು. ಬಿದ್ದಲ್ಲಿಂದಲೂ ಅವರು ನೋಡಿದ್ದು ತಳ್ಳಿದವನನ್ನಲ್ಲ, ನನ್ನನ್ನು. ವಿಚಾರಣೆ ಮುಗಿಯುವವರೆಗೆ ಅವರನ್ನು ಕೆಲಸಕ್ಕೆ ಬರಬೇಡಿ ಎಂದಿದ್ದಾರೆಂದು ನಿನ್ನೆ ತಿಳಿಯಿತು.

ನಿನ್ನೆಯೇ ಡಾಕ್ಟರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಂಥ ಕಿಡ್ನಿಯಿದ್ದವರಿಗೆ ಪೂರ್ತಿ ನೀರು ಕುಡಿದರೂ ಹೀಗಾಗುವುದುಂಟು, ನಿನ್ನಿಂದಲೇ ಆಯಿತೆಂದು ನಾನು ಹೇಳಲಾರೆ, ಆಗಲಿಲ್ಲವೆಂದೂ ಹೇಳಲಾರೆ ಎಂದರು. ಕೆಲವು ವಾರಗಳಲ್ಲಿ ಕಿಡ್ನಿ ಚೇತರಿಸಿಕೊಳ್ಳಲೂಬಹುದು ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಈಗ ಭಾವನಿಗೆ ಮೂತ್ರ ಹೋಗುತ್ತಿಲ್ಲವಾದ್ದರಿಂದ ನೀರನ್ನು ಅಳೆದು ಕೊಡಬೇಕು. ದಿನವಿಡೀ ಎರಡೂವರೆ ಲೋಟ, ಅಷ್ಟೇ. ಅಳೆಯುವವನು ನಾನು. ಬಾಯಾರಿಕೆಯಿಂದ ಅವರ ನಾಲಿಗೆ ಒಣಗಿರುತ್ತದೆ. ಒಂದೇ ಒಂದು ಗುಟುಕು ಕೊಡೋ, ಯಾರಿಗೂ ಹೇಳಲ್ಲ ಎಂದು ಇಂದು ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು ಅತ್ತರು. ಇಲ್ಲ ಭಾವ ಎಂದೆ. ಆ ಮಂಗಳವಾರ ನನ್ನ ಬಾಯಿಂದ ಬರದ ಗಟ್ಟಿತನ ಇಂದು ಬಂತು.

ನರ್ಸ್ ಅವರದು ಯಾವ ತಪ್ಪೂ ಇಲ್ಲ. ಅಕ್ಕನ ಮಗನ ಸಿಟ್ಟು ನನ್ನ ಮೇಲೆ ಬೀಳಬೇಕಾದದ್ದು, ದಾರಿ ತಪ್ಪಿ ಅವರ ಮೇಲೆ ಬಿತ್ತು. ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ಮಗನ ಪರವಾಗಿ ಹೇಳಿಕೆ ಕೊಡಲು ನಾನು ಬಂದಿದ್ದೇನೆಂದು ಅವಳು ತಿಳಿದಿದ್ದಾಳೆ. ಮನೆಯಿಂದ ಇಲ್ಲಿಯವರೆಗೆ ಒಂದೂವರೆ ಕಿಲೋಮೀಟರು ಜೊತೆಯಲ್ಲಿ ನಡೆದು ಬಂದರೂ ಹೇಳಲು ಬಾಯಿ ಬರಲಿಲ್ಲ. ಬರೆದುಕೊಂಡದ್ದನ್ನು ನನಗೆ ಓದಿ ಹೇಳುವಾಗ ಬಾಗಿಲು ತೆರೆದಿಟ್ಟು, ಸ್ವಲ್ಪ ಗಟ್ಟಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಮೇಲೆ ಹೇಳಿರುವುದರಲ್ಲಿ ನಾನು ಯಾರನ್ನೂ ಕಾಪಾಡಲು ಮಾತಾಡಿಲ್ಲ. ಎಲ್ಲವೂ ನಿಜ.

ಸ್ಥಳ: ಠಾಣೆಯ ಒಳಕೋಣೆ
ದಿನ: ಸೋಮವಾರ, ಬೆಳಿಗ್ಗೆ 11.35
ಸಹಿ: ಸೀಟಿ

ಬರೆದುಕೊಂಡವರ ಷರಾ: ಹೇಳಿಕೆದಾರನಿಗೆ ಓದಿ ಹೇಳಲಾಯಿತು. ಬಾಗಿಲು ತೆರೆದಿತ್ತು. ಓದಿ ಮುಗಿದಾಗ ಬೆಂಚಿನ ಮೇಲೆ ಯಾರೂ ಇರಲಿಲ್ಲ.