ನಡುವಿನ ಚುಕ್ಕಿ

ಊಟದ ಬಿಡುವು ಮುಗಿದು ಫ್ಯಾಕ್ಟರಿಯ ಲಿಫ್ಟಿಗೆ ಕಾಯುತ್ತಿದ್ದೆ. ನನ್ನ ಮುಂದೆಯೇ ಮ್ಯಾನೇಜರು, ಅವರ ಪಕ್ಕದಲ್ಲಿ ಕಂಪ್ಯೂಟರಿನವನು.

“ಯಾರು ಯಾರಿಗೆ ಮೆಸೇಜ್ ಮಾಡ್ತಾರೆ ಅಂತ ಕಂಪ್ಯೂಟರಲ್ಲಿ ಚಿತ್ರ ತೆಗೆಸ್ದೆ ಸಾರ್. ಒಬ್ಬೊಬ್ಬರಿಗೆ ಒಂದು ಚುಕ್ಕಿ, ಮೆಸೇಜ್ ಹೋದ ಕಡೆಗೆ ಒಂದು ಗೆರೆ. ಹೊಲಿಗೆಯವರದ್ದು ಒಂದು ಗುಂಪು, ಪ್ಯಾಕಿಂಗಿನವರದ್ದು ಇನ್ನೊಂದು.”

“ಮತ್ತೆ ಮೊನ್ನೆ ಎರಡೂ ಗುಂಪಿನವರು ಒಟ್ಟಿಗೆ ಕೆಲಸ ನಿಲ್ಸಿದ್ದು ಹೇಗೆ?”

“ಎರಡೂ ಕಡೆಗೆ ಗೆರೆ ಇರೋ ಚುಕ್ಕಿ ಒಂದೇ ಸಾರ್. ಸ್ಟೋರಿನ ಅಕ್ಕ.”

“ಅವಳನ್ನ ಕಿತ್ತಾಕಿದ್ರೆ?”

“ಇವರ್‍ಯಾರೋ, ಅವರ್‍ಯಾರೋ.”

“ಸಂಜೆಗೇ ಮನೆಗೆ ಕಳ್ಸೋಣ. ಅಂಥದ್ದೇನು ಬರೀತಾಳೆ?”

“ಎಲ್ರಿಗೂ ಒಂದೇ ಸಾರ್. ಊಟ ಆಯ್ತಾ ಅಂತ.”

“ಅಷ್ಟೇನಾ?”

“ಅಷ್ಟೇ.”

“ಏನಾದ್ರೂ ಬರ್ಕೊಳ್ಲಿ ಬಿಡು, ಕಳ್ಸೋದೇ. ನಡುವೆ ಇರೋದು ಅವಳೇ ತಾನೆ?”

ಲಿಫ್ಟಿನ ಬಾಗಿಲು ತೆರೆಯಿತು. ಸ್ಟೋರಿನ ಅಕ್ಕ ಹೊರಗೆ ಬಂದಳು.

“ಸಾರ್, ಊಟ ಆಯ್ತಾ?”

“ಆಯ್ತಮ್ಮ, ಆಯ್ತು,” ಎಂದು ಬಾಯ್ತುಂಬ ನಗುತ್ತ ಮ್ಯಾನೇಜರು ಒಳಗೆ ಹೋದರು.