ಹಕ್ಕಿ ಕೂಗಿತು ಎಂದವರು

ಹಕ್ಕಿಯೇ ಇರಬೇಕು, ಎಂದುಕೊಂಡ ಮಸಾತೋ. ಇಲ್ಲವಾದರೆ ಇನ್ನೇನು? ಆದರೆ ಇಂಥ ಮಳೆಯಲ್ಲಿ, ಮಂಜು ಕವಿದ ಕಡಲಿನ ಮೇಲೆ, ಯಾವ ಹಕ್ಕಿ ಹೀಗೆ ಕಟ್ಟಿದ ಉಸಿರು ಬಿಟ್ಟಂತೆ ಸಿಳ್ಳು ಹಾಕುತ್ತದೆ?

ಇಕಿ ದ್ವೀಪದಿಂದ ತ್ಸುಶಿಮಾಕ್ಕೆ ಹೊರಟ ಹಡಗು ತೆವಳುತ್ತಿತ್ತು. ಕೆಳಗಿನ ಅಂತಸ್ತಿನಲ್ಲಿ ಜನ ಜಮಖಾನದ ಮೇಲೆ ಕಾಲು ಚಾಚಿ ಕೂತಿದ್ದರು. ಹಡಗಿನ ನೌಕರ ಮಸಾತೋ ಅವರಿಗೆ ಹೊದಿಕೆ ಹಂಚುತ್ತಿದ್ದ.

"ಏನಜ್ಜಿ, ನಿಮ್ಮ ದೆವ್ವಕ್ಕೆ ಇವತ್ತು ರಜೆಯಾ?" ಮೀನು ಮಾರುವ ಸೆಗಾವಾ ಕೆಣಕಿದ.

ಮೂಲೆಯಲ್ಲಿ ಅನ್ನದ ಉಂಡೆ ಬಿಚ್ಚುತ್ತಿದ್ದ ಕಿಕುನೋ ಅಜ್ಜಿ ತಲೆಯೆತ್ತಿದಳು. "ನಿನ್ನ ಕೊಳೆತ ಮೀನಿನ ನಾತಕ್ಕೆ ದೆವ್ವಾನೂ ಮೂಗು ಮುಚ್ಕೊಂಡು ಓಡುತ್ತೆ, ಸುಮ್ನಿರೋ!"

ಎಲ್ಲರೂ ನಕ್ಕರು. ನಾಲ್ಕಾರು ಜನ ಹತ್ತಿರ ಸರಿದರು.

"ನಗಿ, ನಗಿ... ನಮ್ಮವ್ವ ಕಡಲ ತಳಕ್ಕೆ ಮುಳುಗಿ ಚಿಪ್ಪು ಕಿತ್ತು ತರೋಳು. ಅವಳ ಸೊಂಟಕ್ಕೆ ಹಗ್ಗ, ಹಗ್ಗದ ತುದಿ ದೋಣೀಲಿ ನನ್ನ ಕೈಲಿ. ಮುಳುಗೋ ಹೆಂಗಸು ಮೇಲೆ ಬಂದು ಕಟ್ಟಿದ ಉಸಿರು ಬಿಟ್ಟಾಗ ಸಿಳ್ಳು ಹೊರಡುತ್ತೆ, ಈ ಸೀಮೆ ಕೂಸಿಗೂ ಅದು ಗೊತ್ತು. ಅವತ್ತೂ ಹಿಂಗೇ ಮಂಜು. ಅವ್ವ ಮೇಲೆ ಬಂದ್ಲು, ಸಿಳ್ಳು ಬಂತು, ನಾನು ಎಳೀತಾ ಇದ್ದೆ... ಅಷ್ಟರಲ್ಲಿ ಇದೇ ದಾರಿ ಹಡಗು, ಕೊಂಬು ಊದದೆ, ವೇಗ ಇಳಿಸದೆ, ನಮ್ಮಿಬ್ಬರ ನಡುವೆ ಹಾದುಹೋಯ್ತು. ಹಗ್ಗ ಕೈಗೆ ಹಗುರಾಗಿ ಬಂತು... ಹಗ್ಗ ಹಗುರಾಗೋದು ಅಂದ್ರೇನು, ಗೊತ್ತೇನ್ರೋ ನಿಮಗೆ?"

ಸೆಗಾವಾ ತಲೆ ತಗ್ಗಿಸಿದ.

"ಆ ಹಡಗಿನ ಕಪ್ತಾನ ಕುರೋಗಿ ವಿಚಾರಣೇಲಿ ಏನಂದ? 'ಸಿಳ್ಳೂ ಇಲ್ಲ, ಏನೂ ಇಲ್ಲ, ಹಕ್ಕಿ ಕೂಗಿತು' ಅಂದ! ತಪ್ಪೆಲ್ಲ ಸತ್ತವಳ ತಲೆಗೆ. ಹಡಗಿನ ದಾರಿಗೆ ಬಂದು ಸದ್ದಿಲ್ಲದೆ ಸತ್ಲಂತೆ. ಸದ್ದಿಲ್ಲದೆ! ಅವ್ವ ಸುಮ್ನಿರ್ತಾಳಾ? ಮಂಜು ಕವಿದಾಗಲೆಲ್ಲ ಸಿಳ್ಳು ಹಾಕ್ತಾಳೆ. ನಿಮಗೆ ಕೇಳಿಸೋದಿಲ್ಲ, ಹೊಟ್ಟೇಲಿ ಹುಟ್ಟಿದ ನನಗೂ ಕೇಳಿಸೋದಿಲ್ಲ. ಹಡಗಿನಲ್ಲಿ ಕೆಲಸ ಮಾಡೋ ಜನಕ್ಕೆ ಮಾತ್ರ. ಮೊದಮೊದಲು ದೂರದಿಂದ ಬರ್ತಿತ್ತಂತೆ, ಆಮೇಲೆ ಹಡಗಿನ ಮೂತಿ ಹತ್ರ... ಕುರೋಗಿ ಸತ್ತದ್ದು ಬೆಚ್ಚಗೆ ಹಾಸಿಗೇಲಿ. ಆದ್ರೂ ಬಾಯಿ ತುಂಬ ಉಪ್ಪುನೀರಿತ್ತಂತೆ. ಈ ಹಡಗಿನೋನು ಒಬ್ಬನಾದ್ರೂ 'ಹೌದು, ಕೇಳಿಸ್ತು' ಅಂದ್ರೆ ಸಾಕು, ಅವಳು ಹೋಗ್ತಾಳೆ. ಅದಕ್ಕೇ ನಾನು ಮಂಜು ಬಿದ್ದಾಗೆಲ್ಲ ಹಡಗು ಹತ್ತೋದು. ತಿರುಗಾಡೋ ಶೋಕಿಗಲ್ಲ."

ಅವಳ ಕಣ್ಣು ಮಸಾತೋನ ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ನಿಂತಿತು. ಕುರೋಗಿ.

"ಏನಪ್ಪಾ, ಕಪ್ತಾನನ ಮೊಮ್ಮಗನೇ... ಕೇಳಿಸ್ತಾ?"

ಸತ್ತ ಅಜ್ಜನ ಬಾಯಿಂದ ಸುರಿದ ನೀರನ್ನು ಒರೆಸಿದವನು ಮಸಾತೋನೇ. ಈಗ ಸಿಳ್ಳು ಹೊರಗಿನಿಂದ ಬರುತ್ತಿರಲಿಲ್ಲ. ಅವನ ಬೆನ್ನ ಹಿಂದೆಯೇ ಯಾರೋ ಕಟ್ಟಿದ ಉಸಿರು ಬಿಟ್ಟರು. ಕತ್ತಿನ ಹಿಂಭಾಗ ಒದ್ದೆಯಾಯಿತು.

"ಹಕ್ಕಿ ಇರಬೇಕು, ಅಜ್ಜಿ."

ಕಿಕುನೋ ಅಜ್ಜಿ ಸುತ್ತ ಕೂತವರನ್ನೆಲ್ಲ ನೋಡಿದಳು. ಮತ್ತೆ ಅವನತ್ತ ತಿರುಗಿದಳು.

"ಹಕ್ಕಿಯಾ? ಇಲ್ಲಿ ಬೇರೆ ಯಾರಿಗೂ ಏನೂ ಕೇಳಿಸ್ಲೇ ಇಲ್ವಲ್ಲಪ್ಪಾ..."

ತ್ಸುಶಿಮಾ ಬಂತು. ಜನ ಇಳಿದರು. 'ಕೇಳಿಸಿತು' ಎಂದು ಮಸಾತೋ ಹೇಳಲೇ ಇಲ್ಲ.