ಕಳ್ಳಂಬೆಳ್ಳಕ್ಕೆ ಇನ್ನೊಂದೇ ಸ್ಟಾಪು

...ಅಲ್ಲ ವನಜಾ, ಒಡಹುಟ್ಟಿದ ಅಣ್ಣನ್ನ ಯಾಕಮ್ಮ ಅಂಗೆ ನೋಡ್ತೀಯಾ? ನಾನೇನು ಮಾಡ್ದೆ? ಬಾ, ಈ ಜಗಲಿ ಮೇಲೆ ಕೂತ್ಕೋ. ಅವ್ವನ ಬೆನ್ನಿನ ಹುಣ್ಣಿಗೆ ಮುಲಾಮು ಸಿಕ್ತಾ? ಒಂದು ಡಬ್ಬಿಗೋಸ್ಕರ ಮಧುಗಿರಿ ಪೇಟೆಯೆಲ್ಲ ಸುತ್ತಿದ್ಯಾ? ನನ್ನ ಕಳ್ಸಿದ್ರೆ ಅಂಗಡಿಯೋನ್ನೇ ಭುಜದ ಮೇಲೆ ಹೊತ್ಕೊಂಡು ಬರ್ತಿದ್ದೆ!

ಕೈಗಾ? ಇದಾ... ಟವಲ್ಲು ಸುಮ್ನೆ ಸುತ್ಕೊಂಡಿದೀನಿ. ಕರಡಿ ಕಣಮ್ಮ! ಚನ್ನರಾಯನದುರ್ಗದ ಬೆಟ್ಟ ಇಳ್ಕೊಂಡು ನಮ್ಮ ಹಿತ್ತಲಿಗೇ ಬಂದಿತ್ತು. ‘ಸಣ್ಣರಂಗಯ್ಯನೋರ ಮನೆ ಇದೇನಾ’ ಅಂತು. ‘ಹೂಂ ಕಣಪ್ಪ, ನಾನೇ’ ಅಂತ ಕೈ ಕುಲುಕಿ ಕಳಿಸ್ದೆ. ಕುಲುಕುವಾಗ ಉಗುರು ಒಂಚೂರು ತಾಕ್ತು, ಅಷ್ಟೆ.

ನಗಲ್ವಾ? ಮೊದ್ಲಾದ್ರೆ ಇಷ್ಟಕ್ಕೇ ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ.

ಹೂಂ, ಗೊತ್ತು. ನಾನೂ ನೋಡ್ದೆ. ಅವ್ವ ಗೋಡೆ ಕಡೆ ತಿರುಗಿ ಮಲಗವ್ಳೆ. ನೀನು ಚಮಚ ಹಿಡಿದ್ರೂ ಬಾಯಿ ಬಿಡ್ಲಿಲ್ವಾ? ನೀರೂ ಬ್ಯಾಡ್ವಂತಾ? ಡಾಕ್ಟ್ರು ಅಂದಿದ್ರಲ್ಲ... ಇನ್ನು ಔಷಧಿ ಮಾಡೋದೇನೂ ಇಲ್ಲ, ಗಂಟಲು ಒಣಗಬಾರ್ದು, ಜೀವ ಗಾಬರಿ ಬೀಳಬಾರ್ದು, ಇರೋಷ್ಟು ದಿನ ನೆಮ್ಮದಿಯಾಗಿದ್ರೆ ಸಾಕು ಅಂತ. ಆ ನೆಮ್ಮದಿ ನೋಡ್ಕಳಕ್ಕೇ ಅಲ್ವಾ ನಾನು ಈ ಬಾಗಿಲಲ್ಲಿ ಕೂತಿರೋದು?

ಯಾರು ಬಂದಿದ್ರು ಅಂತಾನಾ? ಹೇಳ್ತೀನಿ, ತಡಿ. ಆದ್ರೆ ಒಂದ್ಮಾತು. ನೆಂಟ್ರನ್ನ ಸಂಭಾಳ್ಸೋದ್ರಲ್ಲಿ ನನ್ನಂಥೋನು ಶಿರಾದಿಂದ ಪಾವಗಡದವರ್ಗೂ ಹುಟ್ಟಿಲ್ಲ. ಒಪ್ಕೋತೀಯೋ ಇಲ್ವೋ?

ಉಗಾದಿ ಮುಂಚೆ ಮಂಚ ಎಳ್ದು ಕಿಟಕಿ ಪಕ್ಕ ಹಾಕಿದ್ದೇ ತಡ, ಅವ್ವನ್ಗೆ ಈ ಮನೆ ಬಸ್ಸಾಗೋಯ್ತು. ತಾನು ಲಂಗ ಉಟ್ಟಿರೋ ಹುಡುಗಿ, ಕಳ್ಳಂಬೆಳ್ಳಕ್ಕೆ ಹೊರಟವ್ಳೆ, ಕೆರೆ ಏರಿ ಮೇಲೆ ಅವರಪ್ಪ ಕಾಯ್ತಾ ನಿಂತವ್ರೆ. ನಾನು ಕಂಡಕ್ಟ್ರು. ಡೀಸೆಲ್ಲಿಲ್ಲ, ಚಕ್ರ ಇಲ್ಲ, ಡ್ರೈವರ್ರೂ ಇಲ್ಲ, ಆದ್ರೂ ಒಂದಿನಾನಾದ್ರೂ ಬಸ್ ನಿಲ್ಸಿದೀನಾ? ‘ಕಂಡಕ್ಟ್ರೇ, ಕಳ್ಳಂಬೆಳ್ಳ ಬಂತಾ?’ ‘ಇನ್ನೊಂದೇ ಸ್ಟಾಪು ಕಣಮ್ಮ!’ ಅಷ್ಟಂದ್ರೆ ಸಾಕು, ಅರ್ಧ ಲೋಟ ಗಂಜಿ ಒಳಗೆ ಇಳೀತಿತ್ತು.

ದಾಕ್ಷಾಯಣಮ್ಮ ಚಿಕ್ಕಮ್ಮ ಬಂದಿದ್ದು ಗ್ಯಾಪ್ಕ ಐತಾ? ಚಪ್ಪಲಿ ಬಿಡೋಕ್ಮುಂಚೇನೇ ‘ಅಕ್ಕಾ, ನಾನ್ಯಾರು ಹೇಳು ನೋಡಣ?’ ಅಂತ ಎಸ್ಸೆಲ್ಸಿ ಪರೀಕ್ಷೆ ಶುರು ಮಾಡ್ಬುಟ್ರು. ಅವ್ವ ಬೆವೆತೋದ್ಲು. ನಾನು ‘ಏಯ್ ಅಮ್ಮ, ಫುಟ್‌ಬೋರ್ಡ್ ಮೇಲೆ ನಿಲ್ಬೇಡಿ, ಒಳಗೆ ಸೀಟೈತೆ!’ ಅಂತ ಗದರಿಸಿ ಪಕ್ಕದಲ್ಲೇ ಕೂರಿಸ್ದೆ. ಪಾಪ, ಚಿಕ್ಕಮ್ಮ ಜಾಣೆ. ‘ನೀವೆಲ್ಲಿಗಮ್ಮ?’ ಅಂತ ಅವ್ವ ಕೇಳಿದ್ರೆ ‘ಕಳ್ಳಂಬೆಳ್ಳಕ್ಕೇ’ ಅಂದ್ರು. ಇಬ್ರೂ ಎಲೆ ಅಡಿಕೆ ಮೆಲ್ಕೊಂಡು ಹುಣಸೆ ಮರದ ದೆವ್ವದ ಕತೆ ಹೇಳ್ಕೊಂಡು ನಕ್ಕಿದ್ದೇ ನಕ್ಕಿದ್ದು.

ಆದ್ರೆ ಹುಲಿಕುಂಟೆ ಚಿಕ್ಕನರಸಯ್ಯ ಮಾವ! ‘ನಿಮ್ಮಪ್ಪ ಸತ್ತು ಯಾವ ಕಾಲ ಆಯ್ತಕ್ಕ, ಇನ್ಯಾರು ಕಾಯ್ತಾರೆ’ ಅಂದ್ಬುಟ್ರಲ್ಲ... ಅವ್ವನ್ಗೆ ಅದು ಅವತ್ತೇ ಬಂದ ಸುದ್ದಿ. ಹೆಣ ಅಂಗಳದಲ್ಲೈತೆ ಅನ್ನೋ ಹಂಗೆ ಅತ್ಲು. ಕೂತಿದ್ದ ಕುರ್ಚಿ ಸಮೇತ ಮಾವನ್ನ ಎತ್ತಿ ಆಚೆ ಇಟ್ಟೆ. ಹೂಂ, ಒಂದೇ ಕೈಲಿ! ಅವತ್ತೇ ತಾನೇ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರ್ದಿದ್ದು: ‘ನಾನ್ಯಾರು ಹೇಳು ಅನ್ನೋರಿಗೆ ಈ ಬಸ್ಸಲ್ಲಿ ಜಾಗ ಇಲ್ಲ.’ ಯಾರು ಬರ್ದಿದ್ದು? ನಾನು! ಈ ಸಣ್ಣರಂಗಯ್ಯ!

ಇವತ್ತಾ?

ಇವತ್ತೂ... ಅವರೇ. ಚಿಕ್ಕನರಸಯ್ಯ ಮಾವ. ನೀನು ಅತ್ಲಾಗೆ ಹೋದೆ, ಅವರು ಇತ್ಲಾಗೆ ಬಂದ್ರು. ನಾನು ಹಿತ್ತಲಲ್ಲಿ ಕರಡಿ ಜೊತೆ ಇದ್ನಲ್ಲ, ನೋಡ್ಲಿಲ್ಲ. ಸೀದಾ ಹೋಗಿ ಮಂಚದ ಮೇಲೆ ಕೂತು, ಅವಳ ಕೈ ಹಿಡ್ಕೊಂಡು, ‘ನಾನ್ಯಾರು ಹೇಳವ್ವಾ’ ಅಂದ್ರು. ಒಂದ್ಸಲ ಅಂದು ಬಿಟ್ಟಿದ್ರೆ ಆಗ್ತಿತ್ತು. ಬಿಡ್ಲೇ ಇಲ್ಲ. ‘ಸರಿಯಾಗಿ ನೋಡು, ಈ ಮುಖ ನೋಡು, ಹೆಸ್ರು ಹೇಳವ್ವಾ’ ಅಂತ... ಅವಳು ಕೈ ಕಿತ್ಕೋತಾ ಅವ್ಳೆ, ಇವರು ಬಿಡ್ತಾ ಇಲ್ಲ. ಹುಡುಗಿ ಅಲ್ವಾ ಅವಳು? ಬಸ್ಸಲ್ಲಿ ಯಾವನೋ ಗಂಡಸು ಕೈ ಹಿಡಿದ್ರೆ ಏನ್ಮಾಡ್ತಾಳೆ? ಕಿರುಚಿದ್ಲು. ‘ಕಂಡಕ್ಟ್ರೇ, ಕಂಡಕ್ಟ್ರೇ, ಓಡ್ಬನ್ನಿ’ ಅಂತ. ನಾನು ಓಡ್ಬಂದೆ. ಬಂದು ಮಾವನ್ನ...

ಏನಂದೆ?

ಮಾವ ಅವಳನ್ನ ಯಾವತ್ತೂ ಅಕ್ಕಾ ಅಂತಾರೆ ಅಂತಾನಾ? ಅವ್ವಾ ಅಂದ್ರೇನೀಗ? ವಯಸ್ಸಾದೋರು, ಬಾಯ್ತಪ್ಪಿ... ಏಯ್, ಟವಲ್ ಬಿಚ್ಬೇಡ! ಬಿಡಮ್ಮ... ನೋವೇನಿಲ್ಲ. ಮರಿ ಕರಡಿ ಕಣೇ, ಅದಕ್ಕೇ ಗೀರು ಸಣ್ಣಗವೆ. ನಿನ್ನೆ ನೀನು ಅವ್ವನ ಉಗುರು ಕತ್ತರಿಸ್ತಿದ್ದೆ, ಅಷ್ಟೊತ್ಗೆ ಅವಳು ತೂಕಡಿಸಿದ್ಲು, ಎಡಗೈದು ಹಂಗೇ ಉಳೀತಲ್ಲ...

ಏನಾದ್ರೂ ಅನ್ನೇ ವನಜಾ. ಬೈಯಿ. ನಿನ್ಗೆ ಕೈ ಮುಗೀತೀನಿ.

...ನಿನ್ನ ಹೆಸ್ರು ಹೇಳ್ತಾಳಲ್ಲ ಕಣೇ. ನಿನ್ನೆ ಸಂಜೆ ‘ವನಜಾ, ತಲೆ ಬಾಚೇ’ ಅಂದ್ಲು. ಎಷ್ಟು ಸಲೀಸಾಗಿ ಅಂದ್ಲು! ನಾನು ಬಾಗಿಲಲ್ಲೇ ನಿಂತಿದ್ದೆ. ನನ್ ಸರದಿ ಅನ್ಕೊಂಡು ಒಂದು ಹೆಜ್ಜೆ ಮುಂದೆ ಬಂದೆ. ನನ್ನ ನೋಡಿ ‘ಟಿಕೆಟ್ ಆಗೈತೆ’ ಅಂದ್ಲು.

ಸಣ್ರಂಗಾ ಅಂತ ಒಂದೇ ಒಂದ್ಸಲ. ಆಮೇಲೆ ಸಾಯೋವರ್ಗೂ ಕಂಡಕ್ಟ್ರೇ ಅನ್ಲಿ, ಕ್ಲೀನರ್ ಅನ್ಲಿ... ನನ್ ಮುಖಾನೇ ನೋಡ್ಕೊಂಡು, ನನ್ ಕೈಯಿಂದ ಬಿಡಿಸ್ಕಳಕ್ಕೆ ನನ್ನೇ ಕೂಗ್ತಿದ್ಲು ಕಣೇ. ಎಲ್ಲಿಂದ ಓಡ್ಬರ್ಲಿ ನಾನು?

ಏನಿದು? ನೀರಿನ ಲೋಟ ನನ್ಗ್ಯಾಕೆ ಕೊಡ್ತೀಯಾ? ಬ್ಯಾಡ, ನನ್ನ ಕಂಡ್ರೆ ಮತ್ತೆ ಬೆಚ್ಚಿಬೀಳ್ತಾಳೆ. ನೀನೇ ಹೋಗು...

ತಡಿ. ಕೂಗಿದ್ಲಾ?

ಕಂಡಕ್ಟ್ರೇ ಅಂದ್ಲಾ?

ಬಂದೆ, ಬಂದೆ ಕಣಮ್ಮ! ಹೇಳಿ... ಯಾರು? ಆ ಗಂಡಸಾ? ಇಳಿದೋದ ಕಣಮ್ಮ. ನಾನೇ ಇಳ್ಸ್ಬುಟ್ಟೆ. ಇಲ್ಲ, ಇನ್ಮೇಲೆ ಅವನು ಹತ್ತಲ್ಲ, ನಾನು ಹತ್ತಿಸ್ಕಳಲ್ಲ. ನೀವು ಹೆದರ್ಕಬೇಡಿ... ಹೂಂ, ಹೂಂ, ಇನ್ನೊಂದೇ ಸ್ಟಾಪು. ಒಂದು ಗುಟುಕು ನೀರು ಕುಡೀತೀರಾ?